ಪುಟದ ಹಳೇ ರೂಪ ಹುಡುಕಿದ ಕತೆ

ಮೊದಲಿಗೇ ಹೇಳಿಬಿಡುತ್ತೇವೆ, ತಪ್ಪು ನಮ್ಮದೇ. ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟವರ ಬಗ್ಗೆ ಸುದ್ದಿ ಬರೆಯುವಾಗ, ಕುಟುಂಬಗಳ ಸಂಖ್ಯೆಯನ್ನು ಒಂದು ವಿಕಿ ಪುಟ ನೋಡಿ ಹಾಕಿದೆವು. ಹಟ್ಟಿಕೇರಿಯಲ್ಲಿ ಬಸ್ಸಿಗೆ ಕಾಯುತ್ತಾ ಮೊಬೈಲಿನಲ್ಲೇ ಟೈಪ್ ಮಾಡಿ ಕಳಿಸಿದ ಸುದ್ದಿ ಅದು.

ಮರುದಿನ ಬೆಳಿಗ್ಗೆ ಪುನರ್ವಸತಿ ಕಾಲೊನಿಯ ಹಿರಿಯರೊಬ್ಬರ ಫೋನ್. "ನೀವು ಬರೆದ ಲೆಕ್ಕದಲ್ಲಿ ನಮ್ಮ ಮನೆ ಸೇರಿದ್ಯೋ ಇಲ್ವೋ?"

1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಈ ನಡುವೆ ಕಾರವಾರ, ಅಂಕೋಲಾ ತಾಲೂಕಿನ ಎಷ್ಟೋ ಮನೆಗಳು ಜಾಗ ಖಾಲಿ ಮಾಡಿದವು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದವರಿಗೆ ಅದು ಬರೀ ಅಂಕಿಯಲ್ಲ.

ಪುಟ ಮತ್ತೆ ತೆರೆದರೆ ಅಲ್ಲಿ ಬೇರೆಯೇ ಸಂಖ್ಯೆ! (ಎರಡನ್ನೂ ಇಲ್ಲಿ ಬರೆಯುವುದಿಲ್ಲ, ಬರೆದರೆ ಅದೇ ಫಾರ್ವರ್ಡ್ ಆಗುತ್ತದೆ.) ಯಾರು, ಯಾವಾಗ, ಯಾಕೆ ಬದಲಿಸಿದರು?

ವಿಕಿಯಲ್ಲಿ ಯಾರು ಬೇಕಾದರೂ ತಿದ್ದಬಹುದು. ಆದರೆ ತಿದ್ದಿದ ಮಾತ್ರಕ್ಕೆ ಹಳೆಯದು ಅಳಿಸಿಹೋಗುವುದಿಲ್ಲ. ಪ್ರತಿ ಸಲ ಉಳಿಸಿದ ರೂಪವೂ ದಿನಾಂಕ, ಸಮಯ, ತಿದ್ದಿದವರ ಗುರುತಿನೊಂದಿಗೆ 'ಇತಿಹಾಸ'ದಲ್ಲಿ ಇರುತ್ತದೆ. ನಮ್ಮ ಪಹಣಿಯಲ್ಲಿ ಮಾಲೀಕರ ಹೆಸರಿನ ಜೊತೆ ಎಂ.ಆರ್. ನಂಬರ್ ಇರುತ್ತದಲ್ಲ, ಹಾಗೆ.

ಆ ಪುಟಕ್ಕೆ ಸುಮಾರು 60 ತಿದ್ದುಪಡಿಗಳಿದ್ದವು. ಒಂದೊಂದೇ ತೆರೆದೆವು, ಹಿಂದೆ ಬಂದೆವು, ಎಲ್ಲಿದ್ದೆವೆಂದು ಮರೆತೆವು. ನೆಟ್‌ವರ್ಕ್ ಕೈಕೊಟ್ಟಿತು. ಹತ್ತರ ಹೊತ್ತಿಗೆ ಸಾಕಾಯಿತು.

ಡಿಪ್ಲೊಮಾದಲ್ಲಿ ಜೊತೆಗೆ ಓದಿದ ಗೆಳೆಯ ಫೋನಿನಲ್ಲೇ ದಾರಿ ಹೇಳಿದ. "ನಡುವಿನದು ತೆರೆ. ಹಳೇ ಸಂಖ್ಯೆ ಇದ್ದರೆ ಬದಲಾದದ್ದು ಅದರ ನಂತರ. ಹೊಸದಿದ್ದರೆ ಅದರಲ್ಲೇ ಅಥವಾ ಅದಕ್ಕೂ ಮೊದಲು. ಉಳಿದ ಅರ್ಧದಲ್ಲಿ ಮತ್ತೆ ನಡುವಿನದು ತೆರೆ." 60 ಇದ್ದದ್ದು 30, ಆಮೇಲೆ 15, 8, 4, 2. ಆರು ಸಲಕ್ಕೆ ಸಿಕ್ಕಿತು! ಸಂಖ್ಯೆ ಹಿಂದೆ ಮುಂದೆ ಹಲವು ಸಲ ಬದಲಾಗಿದ್ದರೆ ಮಾತ್ರ ಈ ಉಪಾಯ ಒಂದೇ ಜಾಗ ತೋರಿಸುತ್ತದೆ, ಉಳಿದದ್ದು ತಪ್ಪಿಹೋಗಬಹುದು.

ವಿಕಿಪೀಡಿಯದಲ್ಲಿ ಇದಕ್ಕಿಂತ ಸುಲಭದ ಒಂದು ಸಾಧನವಿದೆ. ಜರ್ಮನಿಯ ವಿಕಿಮೀಡಿಯಾ ತಂಡ ಮಾಡಿದ 'ರಿವಿಷನ್ ಸ್ಲೈಡರ್'. ಎರಡು ರೂಪಗಳನ್ನು ಹೋಲಿಸುವ ಪುಟದ ಮೇಲ್ಭಾಗದಲ್ಲಿ ಪ್ರತಿ ತಿದ್ದುಪಡಿಗೂ ಒಂದು ಕಂಬ ಕಾಣುತ್ತದೆ. ಸೇರಿಸಿದ್ದರೆ ಮೇಲಕ್ಕೆ, ತೆಗೆದಿದ್ದರೆ ಕೆಳಕ್ಕೆ. ಗುಂಡಿ ಎಳೆದರೆ ಸಾಕು, ಪಟ್ಟಿಗೆ ವಾಪಸ್ ಹೋಗಬೇಕಿಲ್ಲ. ಇದು ಡೆಸ್ಕ್‌ಟಾಪ್ ನೋಟಕ್ಕೆಂದೇ ಮಾಡಿದ್ದು. ನಮ್ಮಂಥ ಫೋನಿನವರಿಗೂ ಇಷ್ಟೇ ಸಲೀಸಾಗಿ ಸಿಗಬೇಕು ಎಂಬುದು ನಮ್ಮ ಆಸೆ.

ಆದರೆ ಸಿಕ್ಕ ಮೇಲೆ ಏನಾಯಿತು ಗೊತ್ತೇ? ಸಂಖ್ಯೆ ಬದಲಿಸಿದವರು ಕಾರಣ ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದರು. ಆಧಾರವೂ ಇಲ್ಲ. ಅದರ ಪಕ್ಕದಲ್ಲೇ, ಹೆದ್ದಾರಿ 17 ಎಂದಿದ್ದನ್ನು 66 ಮಾಡಿದವರು "ಸಂಖ್ಯೆ ಬದಲಾಗಿದೆ" ಎಂದು ಎರಡೇ ಪದ ಬರೆದಿದ್ದರು. ಅದನ್ನು ತೆರೆಯದೆಯೇ ಅರ್ಥವಾಯಿತು. ಹಾದಿ ಹುಡುಕುವವನಿಗೆ ಆ ಎರಡು ಪದವೇ ಮೈಲಿಗಲ್ಲು.

ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸಿದೆವು. ಹಿರಿಯರ ಮನೆಗೂ ಹೋಗಿ ಬಂದೆವು. ಫೋನಿನಲ್ಲಿ ಹಳೇ ರೂಪ, ಹೊಸ ರೂಪ ಎರಡನ್ನೂ ತೋರಿಸಿದೆವು. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಎಂ.ಆರ್. ನಂಬರ್ ಇಲ್ಲದ ಪಹಣಿ ಆಯ್ತಲ್ರೋ ಇದು" ಎಂದರು.

ಈಗ ವಿಕಿಯಿಂದ ಏನೇ ತೆಗೆದುಕೊಂಡರೂ ಆ ದಿನದ ರೂಪದ ಶಾಶ್ವತ ಕೊಂಡಿಯನ್ನು ಬರೆದಿಟ್ಟುಕೊಳ್ಳುತ್ತೇವೆ, ಮೂಲ ದಾಖಲೆ ನೋಡದೆ ಅಂಕಿ ಹಾಕುವುದಿಲ್ಲ. ನೀವೂ ನಿಮ್ಮೂರಿನ ಪುಟ ತಿದ್ದಿದರೆ, ಯಾಕೆ ತಿದ್ದಿದಿರಿ ಎಂದು ಒಂದು ಸಾಲು ಬರೆದುಬಿಡಿ.