ಬಳ್ಳಿ ಮತ್ತು ಬಂದಣಿಕೆ



ಮರವನ್ನಪ್ಪಿ ಬೆಳೆಯುವುದನ್ನೆಲ್ಲ ಪರಾವಲಂಬಿಯೆಂದು ಒಂದೇ ತಕ್ಕಡಿಯಲ್ಲಿ ತೂಗುವುದು ಲೋಕರೂಢಿ. ಈ ಎಣಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು, ನನ್ನ ಕೋಣೆಯ ಕಿಟಕಿಯ ಬಳಿಯಿರುವ ಕುಂಡದ ಬಳ್ಳಿಯೊಂದನ್ನು ಮುಂದಿಟ್ಟುಕೊಂಡು ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಇದು ಫಿಲೋಡೆಂಡ್ರಾನ್ ಎಂಬ ಸಸ್ಯದ ಕಪ್ಪೆಲೆಯ ತಳಿ. 'ರಾಯಲ್ ಕ್ವೀನ್' ಎಂಬುದು ನರ್ಸರಿಯವರು ಇದಕ್ಕಿಟ್ಟ ಹೆಸರು. ನಮ್ಮ ಕೆಸುವಿನ ಕುಟುಂಬಕ್ಕೆ ಸೇರಿದ್ದು. ಇದರ ಮೂಲ ಪ್ರಭೇದ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಕಾಡುಗಳದು. 1854ರಲ್ಲಿ ಸಸ್ಯಶಾಸ್ತ್ರಜ್ಞರು ಅದಕ್ಕೆ ಕೊಟ್ಟ 'ಎರುಬೆಸೆನ್ಸ್' ಎಂಬ ಹೆಸರಿಗೆ ಕೆಂಪೇರುವುದು ಎಂದರ್ಥ. ಎಳೆಯ ಎಲೆ ಕೆಂಪು ಪೊರೆಯಿಂದ ಸುರುಳಿ ಬಿಚ್ಚಿ ಹೊರಬಂದು, ಬಲಿಯುತ್ತ ನೇರಳೆಹಣ್ಣಿನ ಕಪ್ಪಿಗೆ ತಿರುಗುತ್ತದೆ. ನೇರಳೆಗೆ ಬಣ್ಣ ಕೊಡುವ ಆಂಥೊಸಯನಿನ್ ವರ್ಗದ ದ್ರವ್ಯವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಫಿಲೋಡೆಂಡ್ರಾನ್ ಎಂಬ ಗ್ರೀಕ್ ಮಾತಿನ ಅರ್ಥ ಮರವನ್ನು ಪ್ರೀತಿಸುವುದು ಎಂದು. ಆ ಅರ್ಥ ತಿಳಿದ ದಿನದಿಂದ ಈ ಬಳ್ಳಿಯನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಅದಕ್ಕೆ ಕಾರಣವುಂಟು. ಮೂವತ್ತು ವರ್ಷ ಉಪಾಧ್ಯಾಯನಾಗಿ ಹತ್ತು ಜನಕ್ಕೆ ನೆರವಾಗಿದ್ದವನು, ಪತ್ನಿ ಲಿಂಗೈಕ್ಯಳಾದ ತರುವಾಯ ಊರಿನ ಮನೆಗೆ ಬೀಗ ಹಾಕಿ ಮಗನ ಮನೆಗೆ ಬಂದೆ. ಮಗನಾಗಲಿ ಸೊಸೆಯಾಗಲಿ ಒಂದು ದಿನವೂ ಕಟುಮಾತು ಆಡಿದವರಲ್ಲ. ಆದರೂ ಸೊಸೆ ಕಾಫಿಯ ಲೋಟ ತಂದಿಟ್ಟಾಗಲೆಲ್ಲ, ನಾನು ಈ ಸಂಸಾರಕ್ಕೆ ಹತ್ತಿದ ಬಂದಣಿಕೆಯಾದೆನೇ ಎಂಬ ಪ್ರಶ್ನೆ ಮನಸ್ಸನ್ನು ಕೊರೆಯುತ್ತಿತ್ತು.

ಬಂದಣಿಕೆಯನ್ನು ತಾವು ಮಾವಿನ ಮರಗಳ ಮೇಲೆ ಕಂಡಿರುತ್ತೀರಿ. ಅದು ಕೊಂಬೆಯ ಒಳಕ್ಕೆ ಬೇರಿಳಿಸಿ ಮರದ ನೀರನ್ನೂ ಸಾರವನ್ನೂ ಹೀರುತ್ತದೆ. ಫಿಲೋಡೆಂಡ್ರಾನಿನ ನಡೆ ಹಾಗಲ್ಲ. ಅದರ ಗೆಣ್ಣುಗಳಲ್ಲಿ ಹುಟ್ಟುವ ಬೇರುಗಳು ತೊಗಟೆಯನ್ನು ಹಿಡಿಯುತ್ತವೆಯೇ ಹೊರತು ಒಳಗೆ ಇಳಿಯುವುದಿಲ್ಲ. ಅದಕ್ಕೆ ಬೇಕಾದ ನೀರು ಮಣ್ಣಿನಿಂದಲೂ ಗಾಳಿಯ ತೇವದಿಂದಲೂ ಬರುತ್ತದೆ. ಆಹಾರವನ್ನು ಅದು ತನ್ನ ಎಲೆಗಳಲ್ಲಿಯೇ ಸಿದ್ಧಪಡಿಸಿಕೊಳ್ಳುತ್ತದೆ. ಮರದಿಂದ ಅದು ಪಡೆಯುವುದು ನಿಲುವನ್ನು ಮಾತ್ರ. ಅಡಕೆಯ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ರೀತಿಯೂ ಇದೇ ಅಲ್ಲವೆ?

ಇದೇ ಕುಟುಂಬದ ಮಾನ್‌ಸ್ಟೆರಾ ಬಳ್ಳಿಯ ಒಂದು ಪ್ರಭೇದವನ್ನು ಕುರಿತು ಡೊನಾಲ್ಡ್ ಸ್ಟ್ರಾಂಗ್ ಮತ್ತು ಥಾಮಸ್ ರೇ ಎಂಬ ವಿಜ್ಞಾನಿಗಳು 1975ರಲ್ಲಿ ಪ್ರಕಟಿಸಿದ ಸಂಗತಿ ಮನನೀಯವಾದುದು. ಮೊಳೆತ ಸಸಿ ಬೆಳಕಿನತ್ತ ಹೋಗುವುದಿಲ್ಲ. ಕತ್ತಲೆಯಾಗಿ ಕಾಣುವ ದಿಕ್ಕಿಗೆ ನೆಲದ ಮೇಲೆ ಹರಿಯುತ್ತದೆ. ಕಾಡಿನಲ್ಲಿ ಆ ಕತ್ತಲೆಯೆಂದರೆ ದೊಡ್ಡ ಮರದ ಬೊಡ್ಡೆ. ಅದನ್ನು ಮುಟ್ಟಿದ ಮೇಲೆಯೇ ಬಳ್ಳಿ ಬೆಳಕಿನತ್ತ ಏರುತ್ತದೆ. ಆಸರೆಯನ್ನು ಅರಸುವುದು ಬೆಳಕಿಗೆ ಬೆನ್ನು ತಿರುಗಿಸಿದಂತೆ ಕಂಡರೂ, ಅದು ಬೆಳಕಿನ ದಾರಿಯ ಮೊದಲ ಹೆಜ್ಜೆ.

ಆಸರೆ ಕೊಡುವವರಿಗೂ ಈ ಗಿಡ ಕೆಲವು ಮಾತು ಹೇಳುತ್ತದೆ. ತೆಂಗಿನ ನಾರು ಸುತ್ತಿದ ಕೋಲನ್ನು ನಾಟಿ, ನಾರು ಒಣಗದಂತೆ ನೋಡಿಕೊಂಡರೆ ಬೇರು ತಾನಾಗಿ ಹಿಡಿಯುತ್ತದೆ. ಬಿಗಿಯಾಗಿ ಕಟ್ಟಿದರೆ ದಾರ ದಂಟನ್ನು ಕೊರೆಯುತ್ತದೆ. ಬಿಸಿಲಿಗೆ ಒಡ್ಡಿದರೆ ಎಲೆ ಸುಡುತ್ತದೆ. ಮೂಲೆಗೆ ತಳ್ಳಿದರೆ ಗೆಣ್ಣುಗಳು ನೀಳವಾಗಿ ಬಣ್ಣ ಮಂಕಾಗುತ್ತದೆ. ಎಲೆಯನ್ನು ಅಗಿದರೆ ಹಸಿ ಕೆಸುವಿನಂತೆ ಬಾಯಿ ಉರಿಯುವುದರಿಂದ ಮಕ್ಕಳ ಕೈಗೆ ಎಟುಕದಂತೆ ಇಡುವುದು ಲೇಸು.

ಈಗ ಮೊಮ್ಮಗಳಿಗೆ ಸಂಜೆ ಕನ್ನಡದ ಪಾಠ ಹೇಳುವುದೂ, ಮನೆಯ ಕುಂಡಗಳಿಗೆ ನೀರುಣಿಸುವುದೂ ನನ್ನ ಪಾಲಿನ ಕಾಯಕ. ಕಾಫಿಯ ಲೋಟ ಈಗ ಭಾರವೆನಿಸುವುದಿಲ್ಲ. ವಯಸ್ಸಾದ ವಾಚಕರೆ, ಮಕ್ಕಳ ಮನೆಯಲ್ಲಿರುವುದಕ್ಕಾಗಿ ತಾವು ಕುಗ್ಗಬೇಕಾಗಿಲ್ಲ. ಒರಗಿಕೊಳ್ಳುವುದು ಬೇರೆ, ಹೀರುವುದು ಬೇರೆ. ನಮ್ಮ ಬೇರು ಎಲ್ಲಿದೆ ಎಂಬುದನ್ನು ನಾವು ಅರಿತಿದ್ದರೆ ಸಾಕು.