ಪೈಲಟ್ ಆಗುತ್ತೇನೆಂದು ಬರೆದ ಹುಡುಗಿ

ಕಳೆದ ತಿಂಗಳು ಗಾಂಧಿ ಚೌಕದಲ್ಲಿ ಬಳೆ ಕೊಳ್ಳುತ್ತಿದ್ದೆ. "ಅಸ್ಸಲಾಮು ಅಲೈಕುಮ್ ಆಪಾ, ಗುರ್ತ ಸಿಕ್ತೇನ್ರಿ?" ಎಂಬ ದನಿ ಕೇಳಿ ತಿರುಗಿ ನೋಡಿದೆ. ಸುಮಾರು 20 ವರ್ಷಗಳ ಹಿಂದೆ ನನ್ನ ಬಳಿ ಎಂಟನೆಯ ತರಗತಿ ಓದಿದ ಹುಡುಗಿ. ಪಕ್ಕದಲ್ಲಿ ಆರನೆಯ ತರಗತಿಯ ಮಗಳು.

ಅವಳನ್ನು ಕಂಡೊಡನೆ ನನಗೆ ಒಂದು ಪ್ರಬಂಧ ನೆನಪಾಯಿತು. 'ದೊಡ್ಡವಳಾದ ಮೇಲೆ ನಾನು' ಎಂಬ ವಿಷಯ ಕೊಟ್ಟಿದ್ದೆ. ಎಲ್ಲರೂ ಟೀಚರ್, ಡಾಕ್ಟರ್ ಎಂದು ಬರೆದಾಗ ಇವಳೊಬ್ಬಳು ಪೈಲಟ್ ಆಗುತ್ತೇನೆ ಎಂದು ಬರೆದಿದ್ದಳು. ಅದನ್ನು ಗಟ್ಟಿಯಾಗಿ ಓದಿದ ನಾನು, "ಮೊದಲು ರೊಟ್ಟಿ ಬಡಿಯೋದು ಕಲಿ, ಆಮ್ಯಾಲೆ ವಿಮಾನ ಹಾರ್ಸುವಂತಿ" ಎಂದೆ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಅವಳು ಮಾತ್ರ ತಲೆ ತಗ್ಗಿಸಿದಳು. ಆ ಮೇಲೆ ಅವಳು ತನ್ನ ಆಸೆಯನ್ನು ಯಾರಿಗೂ ಹೇಳಲಿಲ್ಲವಂತೆ.

2024ರಲ್ಲಿ ನಮ್ಮ ವಿಜಯಪುರದ ಸಮೈರಾ ಹುಲ್ಲೂರ ಹದಿನೆಂಟನೆಯ ವಯಸ್ಸಿಗೇ ವಾಣಿಜ್ಯ ಪೈಲಟ್ ಪರವಾನಗಿ ಪಡೆದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ನನ್ನ ಆ ನಗೆ ನನ್ನನ್ನೇ ಚುಚ್ಚಿತು. ಆಕೆ ದೆಹಲಿಯಲ್ಲಿ ಪಾಠ ಕಲಿತು, ಮಹಾರಾಷ್ಟ್ರದ ಬಾರಾಮತಿಯಲ್ಲಿ ಹಾರಾಟದ ತರಬೇತಿ ಪಡೆದಳು. ಈ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಹವ್ಯಾಸಕ್ಕಾಗಿ ಹಾರುವವರು ಪಡೆಯುವ ಖಾಸಗಿ ಪರವಾನಗಿಗೆ 40 ಗಂಟೆ ಸಾಕು.

ಹಾರಾಟ ಕಲಿಯುವ ವಿಮಾನ ಎಂದರೆ ಎರಡು ಅಥವಾ ನಾಲ್ಕು ಆಸನಗಳ ಪುಟ್ಟ ಯಂತ್ರ. ಹಾರುವ ಮುನ್ನ ಕಲಿಯುವವರೇ ಅದರ ಸುತ್ತ ಒಂದು ಸುತ್ತು ಬರಬೇಕು. ರೆಕ್ಕೆ, ಟಯರ್, ಎಣ್ಣೆ ನೋಡಬೇಕು. ಇಂಧನವನ್ನು ಸಣ್ಣ ಲೋಟಕ್ಕೆ ಬಿಟ್ಟು ನೀರು ಬೆರೆತಿದೆಯೇ ಎಂದು ಪರೀಕ್ಷಿಸಬೇಕು. ಹಾಲಿಗೆ ನೀರು ಬೆರೆತದ್ದನ್ನು ಕಣ್ಣಲ್ಲೇ ಪತ್ತೆ ಹಚ್ಚುವ ನಮ್ಮ ಹೆಣ್ಣುಮಕ್ಕಳಿಗೆ ಇದು ಕಷ್ಟದ ಕೆಲಸವೇ? ಒಂದು ದಿನ ಗುರುಗಳು ವಿಮಾನದಿಂದ ಇಳಿದು, "ಇನ್ನು ನೀನೊಬ್ಬಳೇ ಹೋಗಿ ಬಾ" ಎನ್ನುತ್ತಾರೆ. ಶಿಷ್ಯೆಯ ಮೇಲೆ ಅಷ್ಟು ಭರವಸೆ ಇಡುವ ಗುರು! ನಾನು ಮಾತ್ರ ಒಂದು ಪ್ರಬಂಧವನ್ನೂ ನಂಬಲಿಲ್ಲ.

ಇದು ಇಂದಿನ ಹೊಸ ಗಾಳಿಯೂ ಅಲ್ಲ. ಉರ್ದು ಕಥೆಗಾರ್ತಿ ಹಿಜಾಬ್ ಇಮ್ತಿಯಾಜ್ ಅಲಿ 1936ರಲ್ಲಿ ಲಾಹೋರಿನ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿತು ಪರವಾನಗಿ ಪಡೆದರು. ಅದೇ ವರ್ಷ ಅದೇ ಊರಿನಲ್ಲಿ ಸರಳಾ ಠಕ್ರಾಲ್ ಸೀರೆಯುಟ್ಟು ವಿಮಾನ ಹಾರಿಸಿದರು. ಆಗ ಅವರಿಗೆ 21 ವರ್ಷ. ಮನೆಯಲ್ಲಿ ಪುಟ್ಟ ಮಗಳಿದ್ದಳು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿಯೂ ದಶಕಗಳಿಂದ ಸರಕಾರಿ ವಿಮಾನ ಶಾಲೆ ಇದೆ.

"ಆಪಾ, ಇವಳಿಗೂ ಅದೇ ಹುಚ್ಚು. ಇವರಬ್ಬಾ ಹತ್ತನೆತ್ತಾ ಆದ್ಮ್ಯಾಲೆ ಸಾಕಂತಾರ. ನೀವಾದ್ರೂ ಒಂದ್ಮಾತು ಹೇಳ್ರಿ" ಎಂದಳು ನನ್ನ ಶಿಷ್ಯೆ. ಮಗಳ ಎದುರಲ್ಲೇ ನಾನು ಅವಳ ಕೈ ಹಿಡಿದು ಅಂದಿನ ಮಾತಿಗೆ ಕ್ಷಮೆ ಕೇಳಿದೆ. "ಹೋಗ್ಲಿ ಬಿಡ್ರಿ" ಎಂದಳು. ಆದರೆ ಅವಳ ಕಣ್ಣು ತುಂಬಿತ್ತು.

ಮರುವಾರ ಅವರ ಮನೆಗೆ ಹೋದೆ. ತಂದೆ ಕೆಟ್ಟವರಲ್ಲ, ಖರ್ಚಿಗೆ ಹೆದರಿದವರು. ತರಬೇತಿಗೆ ಹತ್ತಾರು ಲಕ್ಷ ಬೇಕಾಗುತ್ತದೆ ಎಂಬುದನ್ನು ನಾನು ಮುಚ್ಚಿಡಲಿಲ್ಲ. "ಈಗಲೇ ವಿಮಾನದ ಮಾತು ಬೇಡ ಭಾಯಿ. ಹತ್ತನೆಯ ತರಗತಿಗೆ ನಿಲ್ಲಿಸಬೇಡಿ. ಭೌತಶಾಸ್ತ್ರ, ಗಣಿತ ಓದಲಿ. ಪೈಲಟ್ ಆಗದಿದ್ದರೂ ಆ ಓದು ವ್ಯರ್ಥವಾಗದು" ಎಂದೆ. ಬಹಳ ಹೊತ್ತು ಸುಮ್ಮನಿದ್ದು, "ಪಿಯುಸಿ ತನಕ ಓದಿಸ್ತೀನ್ರಿ" ಎಂದರು. ಬಾಗಿಲ ಮರೆಯಲ್ಲಿದ್ದ ಹುಡುಗಿ ಒಳಗೆ ಓಡಿದಳು.

ಸಹೋದರಿಯರೇ, ಎಲ್ಲ ಮಕ್ಕಳೂ ವಿಮಾನ ಹಾರಿಸಲಾರರು. ಆದರೆ ಮಗು ತನ್ನ ಕನಸು ಹೇಳಿದಾಗ ನಗದಿರುವುದಕ್ಕೆ ನಮಗೆ ಒಂದು ಪೈಸೆಯೂ ಖರ್ಚಿಲ್ಲ.