ನೆರೆಯವಳಿಂದ ಕಲಿತ ಹೊಲಿಗೆ

ನಮ್ಮ ಶಾಲೆಯ ಹೊಲಿಗೆಯ ತರಗತಿಯಲ್ಲಿ ನಾನು ಕಲಿತ ಕಸೂತಿಯೆಲ್ಲವೂ ಉಪಾಧ್ಯಾಯಿನಿಯವರಿಂದ ಬಂದುದಲ್ಲ. ಅರ್ಧದಷ್ಟು ಪಕ್ಕದ ಗೆಳತಿಯ ಬಟ್ಟೆಯನ್ನು ಇಣುಕಿ ನೋಡಿ ಕಲಿತುದು. ತಾಯಿಯಿಂದ ಮಗಳಿಗೆ ಬರುವ ವಿದ್ಯೆ ಒಂದು, ನೆರೆಯವಳಿಂದ ನೆರೆಯವಳಿಗೆ ಬರುವ ವಿದ್ಯೆ ಮತ್ತೊಂದು. ಈ ಎರಡನೆಯ ಬಗೆಯು ಮಣ್ಣಿನ ಅಣುಜೀವಿಗಳಲ್ಲಿಯೂ ಉಂಟೆಂಬುದನ್ನು ದೊಡ್ಡಬಳ್ಳಾಪುರದ ಬಳಿಯ ನಮ್ಮ ಹೊಲದ ನಿಮಿತ್ತದಿಂದ ಅರಿತೆನು.

ನಮ್ಮ ಅತ್ತೆಯವರ ಎರಡು ಎಕರೆ ಕೆಮ್ಮಣ್ಣಿನ ಹೊಲದಲ್ಲಿ ಹಿಂದೆ ರಾಗಿಯೂ, ಅದರ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆಯೂ ಬೆಳೆಯುತ್ತಿದ್ದುವು. ಆಳುಗಳು ದೊರೆಯದೆ ಹಲವು ವರ್ಷ ನೀಲಗಿರಿಯನ್ನು ಹಾಕಿದ್ದೆವು. ಅದನ್ನು ಕೀಳಿಸಿ ಮತ್ತೆ ಅವರೆ ಬಿತ್ತಿದ ವರ್ಷ ಗಿಡಗಳು ಹಳದಿಗೆ ತಿರುಗಿದುವು. ಬೇರುಗಳಲ್ಲಿ ಗಂಟುಗಳು ಇಲ್ಲವೆನ್ನುವಷ್ಟು ವಿರಳ. “ಈ ಮಣ್ಣು ಸತ್ತಿದೆ, ಲೇಔಟಿನವರಿಗೆ ಕೊಟ್ಟುಬಿಡೋಣ” ಎಂದವಳು ನಾನೇ. ಅತ್ತೆಯವರು, “ಇನ್ನೊಂದು ಮಳೆ ನೋಡಮ್ಮ” ಎಂದರು.

ಮರುವರ್ಷ ರೈಜೋಬಿಯಂ ಪುಡಿಯನ್ನು ತಂದು, ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ ಬಿತ್ತಿದೆವು. ಈ ಅಣುಜೀವಿಯು ಬೇರಿನ ಗಂಟಿನೊಳಗೆ ನೆಲೆಸಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸಿ, ಪ್ರತಿಯಾಗಿ ತನ್ನ ಆಹಾರವನ್ನು ಪಡೆಯುತ್ತದೆ. ಗಂಟನ್ನು ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಕೆಲಸವು ನಡೆದಿದೆಯೆಂದು ಅರ್ಥ. ಆ ವರ್ಷ ಕೆಂಪು ಕಂಡಿತು. ಮುಂದಿನ ವರ್ಷಗಳಲ್ಲಿ ಪುಡಿ ಹಾಕದಿದ್ದರೂ ಕಂಡಿತು.

ಇವು ನಾವು ತಂದ ಪುಡಿಯ ಸಂತತಿಯೋ, ಹೊಲದ ಹಳೆಯ ನಿವಾಸಿಗಳೋ? ಕಣ್ಣಿಗೆ ತಿಳಿಯದು. ಇಂತಹದೇ ಪ್ರಶ್ನೆಯನ್ನು ನ್ಯೂಜಿಲೆಂಡಿನಲ್ಲಿ ಸಲಿವನ್, ರಾನ್ಸನ್ ಮೊದಲಾದ ವಿಜ್ಞಾನಿಗಳು ಪರೀಕ್ಷಿಸಿ, ಫಲಿತಾಂಶವನ್ನು 1995ರಲ್ಲಿ ಪ್ರಕಟಿಸಿದರು. ಅಲ್ಲಿ ಲೋಟಸ್ ಎಂಬ ಮೇವಿನ ಗಿಡಕ್ಕೆ, ಇದು ನಮ್ಮ ತಾವರೆಯಲ್ಲ, ತಕ್ಕ ಅಣುಜೀವಿಯಿಲ್ಲದ ನೆಲದಲ್ಲಿ ಒಂದೇ ತಳಿಯನ್ನು ಬೀಜದೊಡನೆ ಬಿತ್ತಲಾಗಿತ್ತು. ಏಳು ವರ್ಷಗಳ ಮೇಲೆ ಗಂಟುಗಳನ್ನು ಪರೀಕ್ಷಿಸಿದರೆ, ಒಳಗಿದ್ದವುಗಳಲ್ಲಿ ಬಹುಪಾಲು ಬೇರೆ ಬೇರೆ ಕುಲದವು! ಆ ಮಣ್ಣಿನ ಹಳೆಯ ನಿವಾಸಿಗಳೇ ಹೊಸಬನಿಂದ ಗಂಟು ಕಟ್ಟುವ ವಿದ್ಯೆಯ ಜೀನುಗಳನ್ನು ಪಡೆದಿದ್ದುವು. ಸುಮಾರು 5 ಲಕ್ಷ ಅಕ್ಷರಗಳಷ್ಟು ಉದ್ದದ ಡಿ.ಎನ್.ಎ. ಭಾಗವೊಂದು ಒಂದು ಜೀವಿಯಿಂದ ಮತ್ತೊಂದಕ್ಕೆ ಇಡಿಯಾಗಿ ದಾಟಿತ್ತು. ಗೆಳತಿಯ ನಮೂನೆಯನ್ನು ಕಲಿತ ಹುಡುಗಿಯು ತನ್ನ ತವರಿನ ನಡೆಯನ್ನು ಬಿಡುವುದಿಲ್ಲವಷ್ಟೆ. ಹಾಗೆಯೇ ಅವು ಆ ನೆಲಕ್ಕೊಗ್ಗಿದ ತಮ್ಮ ಗುಣಗಳನ್ನು ಬಿಡದೆ ಹೊಸ ವಿದ್ಯೆಯನ್ನು ಕೂಡಿಸಿಕೊಂಡುವು. ಬಗೆಬಗೆಯ ನಿವಾಸಿಗಳಿರುವುದೇ ಮಣ್ಣಿನ ಭಾಗ್ಯ.

ಈ ದಾರಿಯಲ್ಲಿ ಕೇಡೂ ಸಾಗುತ್ತದೆ. ಔಷಧಿಗಳನ್ನು ಎದುರಿಸುವ ಜೀನುಗಳೂ ಹೀಗೆಯೇ ಹರಡುವುದರಿಂದ, ಕೊಟ್ಟಿಗೆಯ ದನಕ್ಕೂ ಕೋಳಿಗೂ ಅವನ್ನು ವಿವೇಚನೆಯಿಲ್ಲದೆ ಕೊಡಬಾರದು.

ನಮ್ಮ ಹೊಲದಲ್ಲಿ ನಡೆದುದೇನೆಂದು ಪರೀಕ್ಷೆಯಿಲ್ಲದೆ ಹೇಳಲಾರೆನು; ಮಣ್ಣು ಸತ್ತಿರಲಿಲ್ಲವೆಂಬುದು ಮಾತ್ರ ನಿಶ್ಚಯ. ಸಾಲದ ದೆಸೆಯಿಂದ ಒಂದು ಎಕರೆಯನ್ನು ಮಾರಬೇಕಾಯಿತು. ಅದರ ಮೇಲ್ಮಣ್ಣನ್ನು ಲಾರಿಗಳು ಹೊತ್ತೊಯ್ದ ದಿನ ಅತ್ತೆಯವರು ಮನೆಯಿಂದ ಹೊರಗೆ ಬರಲಿಲ್ಲ. ಉಳಿದ ಎಕರೆಯಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆಗಳ ಸಾಲುಗಳಿವೆ.

ಸೋದರಿಯರೇ, ಮಳೆಗಾಲದ ಬೆಳೆಯಿರುವಾಗ ಊರಿಗೆ ಹೋದರೆ ಅವರೆಯ ಗಿಡವೊಂದನ್ನು ಮೆಲ್ಲನೆ ಅಗೆದು, ಬೇರಿನ ಗಂಟನ್ನು ಸೀಳಿ ನಿಮ್ಮ ಮಕ್ಕಳಿಗೆ ತೋರಿಸಿರಿ.